ಜೋತಿರಾಮನ ಬಲ ಮೊಳಕೈ

ಜೋತಿರಾಮ ಖಾಡೆಯ ಬಲಗೈ ನೋಡಿದ ಯಾರೂ ಅದಕ್ಕೆ ಏನಾದರೂ ಆಗಿದೆ ಅಂತ ಹೇಳಲಾರರು. ಬಾಳೆದಿಂಡಿನಂಥ ತೋಳು, ಅಗಲವಾದ ಮುಂಗೈ. ಹಗ್ಗ ಹಿಡಿದು ಜಗ್ಗಿದರೆ ಬೆದರಿದ ಎಮ್ಮೆಯೂ ನಿಂತಲ್ಲೇ ನಿಲ್ಲಬೇಕು. ಅದೇ ಅವನಿಗೆ ಮುಳುವಾದದ್ದು. ಕೈ ಒಣಗಿ ಕಡ್ಡಿಯಾಗಿದ್ದರೆ, ಸೊಟ್ಟಗೆ ತಿರುಗಿ ನಿಂತಿದ್ದರೆ, ಊರು ಅಯ್ಯೋ ಪಾಪ ಅನ್ನುತ್ತಿತ್ತು. ಕಲ್ಲಿನ ಹಾಗೆ ಕಾಣುವ ಕೈಯೊಳಗೆ ನೋವಿದೆ ಅಂದರೆ ನಂಬುವ ಗಂಡಸು ಕೊಲ್ಹಾಪುರದಲ್ಲಿ ಹುಟ್ಟಿಲ್ಲ. ನಂಬದಿದ್ದರೆ ಹಾಳಾಗಿ ಹೋಗಲಿ, ಬಾಯಿ ಮುಚ್ಚಿಕೊಂಡಾದರೂ ಇರುತ್ತಾರೆಯೇ? ಅದೂ ಇಲ್ಲ.

ಅವನು ಹುಟ್ಟಿದ್ದು ಪೈಲ್ವಾನರ ಮನೆಯಲ್ಲಲ್ಲ. ಅಪ್ಪ ಎಮ್ಮೆ ಸಾಕಿ, ಸಂಜೆ ಗಂಗಾವೇಸಿನ ಕಟ್ಟೆಗೆ ಹೊಡೆದುಕೊಂಡು ಬಂದು, ಗಿರಾಕಿಯ ಎದುರಿಗೇ ಹಿಂಡಿ ಹಾಲು ಮಾರುವವನು. ಒಂದು ಮಧ್ಯಾಹ್ನ ರಂಕಾಳ ಕೆರೆಯಲ್ಲಿ ಮೈ ತೊಳೆಯಲು ಇಳಿಸಿದ್ದ ಎಮ್ಮೆಯೊಂದು ಏನಕ್ಕೋ ಬೆದರಿ ಓಡಿತು. ಸಣ್ಣ ಹುಡುಗ ಜೋತಿರಾಮ ಅದರ ಬಾಲ ಹಿಡಿದಿದ್ದ. ಎಮ್ಮೆ ಅವನನ್ನು ಕಲ್ಲು ಮುಳ್ಳೆನ್ನದೆ ಎಳೆದುಕೊಂಡು ಹೋಯಿತು. ಮೊಳಕಾಲಿನ ಚರ್ಮವೆಲ್ಲ ಹೋಯಿತು. ಹುಡುಗ ಬಾಲ ಬಿಡಲಿಲ್ಲ. ಕಡೆಗೆ ಎಮ್ಮೆಯೇ ಸುಸ್ತಾಗಿ ನಿಂತಿತು.

ಅದನ್ನು ಕೆರೆ ಏರಿಯ ಮೇಲೆ ನಿಂತು ನೋಡಿದವರು ಚಿಂಚಬನ ತಾಲೀಮಿನ ವಸ್ತಾದ ಸಿದೂ ಪೋವಾರ. ತಾಲೀಮೆಂದರೆ ಪೈಲ್ವಾನರ ಗರಡಿ. ಅಲ್ಲಿ ಕಲಿಸುವ ಗುರುವೇ ವಸ್ತಾದ. ಮದುವೆಯಾಗದ ಮನುಷ್ಯ, ತಾಲೀಮಿನ ಹಿಂದಿನ ಕೋಣೆಯೇ ಅವರ ಮನೆ. ಆವತ್ತೇ ಸಂಜೆ ಕಟ್ಟೆಗೆ ಬಂದು ಜೋತಿರಾಮನ ಅಪ್ಪನ ಮುಂದೆ ನಿಂತರು.

"ಈ ಹುಡುಗನ್ನ ನನಗ ಕೊಡು."

"ಎಮ್ಮಿ ಯಾರ ಕಾಯಬೇಕ್ರಿ ವಸ್ತಾದ?"

"ಎಮ್ಮಿ ಯಾರರೆ ಕಾಯ್ತಾರ. ಹಿಂಗ ಹಿಡದು ಬಿಡಲಾರದಾಂವ ಎಲ್ಲಿ ಸಿಗತಾನ? ಕೊಡ್ತೀಯೋ, ಎತ್ಕೊಂಡು ಹೋಗಲೋ?"

ಅಪ್ಪ ನಕ್ಕು ಕೊಟ್ಟ. ಹೀಗೆ ಹುಡುಗ ತಾಲೀಮಿಗೆ ಬಂದ. ಅಲ್ಲಿಂದ ಮುಂದೆ ಅವನನ್ನು ಎಬ್ಬಿಸಿದವರು, ಹೊಡೆದವರು, ನೆನೆಸಿದ ಬಾದಾಮಿಯ ಸಿಪ್ಪೆ ಉಗುರಿನಿಂದ ಸುಲಿದು ಬಾಯಿಗೆ ಹಾಕಿದವರು, ಜ್ವರ ಬಂದರೆ ಪಕ್ಕದಲ್ಲಿ ಕೂತವರು ಎಲ್ಲ ವಸ್ತಾದರೇ. ಉಳಿದ ಹುಡುಗರು ಅವರನ್ನು ವಸ್ತಾದ ಅಂತ ಕರೆದರೆ ಜೋತಿರಾಮ ಮನೆಯ ಹಿರಿಯರನ್ನು ಕರೆಯುವ ಹಾಗೆ ಆಬಾ ಅಂತ ಕರೆಯುತ್ತಿದ್ದ. ಬೇರೆ ಯಾವನಾದರೂ ಹಾಗೆ ಕರೆದಿದ್ದರೆ ಕಪಾಳಕ್ಕೆ ಬೀಳುತ್ತಿತ್ತು.

ಸಿದೂ ಪೋವಾರರ ಹೆಸರು ಕುಸ್ತಿಗಿಂತ ಹೆಚ್ಚಾಗಿ ಅವರ ಕೈಗಳಿಂದ ಬಂದದ್ದು. ಕೀಲು ತಪ್ಪಿದ ಭುಜ, ಉಳುಕಿದ ಪಾದ, ಹಿಡಿದುಕೊಂಡ ಸೊಂಟ, ಏನಿದ್ದರೂ ಜನ ಅವರ ಹತ್ತಿರ ಬರುತ್ತಿದ್ದರು. ಮಂಗಳವಾರ ತಾಲೀಮಿನ ಅಂಗಳದಲ್ಲಿ ಹೆಂಗಸರು ಮಕ್ಕಳೆಲ್ಲ ಸಾಲುಗಟ್ಟಿ ಕೂರುವರು. ವಸ್ತಾದರು ಬೈಯುತ್ತ, ಗದರುತ್ತ, ಎಣ್ಣೆ ಹಚ್ಚಿ, ನೋಡನೋಡುತ್ತಿದ್ದಂತೆ ಠಕ್ ಅಂತ ಕೂರಿಸಿಬಿಡುವರು. ತೆಂಗಿನಕಾಯಿ ಬಿಟ್ಟು ಬೇರೆ ಏನೂ ತಗೊಂಡವರಲ್ಲ. ತಮ್ಮ ಆ ಹತ್ತು ಬೆರಳುಗಳ ಬಗ್ಗೆ ಅವರಿಗಿದ್ದ ಗರ್ವ ಚಿಂಚಬನದ ಎಲ್ಲ ಪೈಲ್ವಾನರ ಗರ್ವ ಸೇರಿಸಿದರೂ ಅದಕ್ಕಿಂತ ಹೆಚ್ಚಾಗುತ್ತಿತ್ತು.

ಅವರಿಗಿದ್ದದ್ದು ಒಂದೇ ಕೊರಗು. ಊರಿನ ಎಲ್ಲ ದೊಡ್ಡ ತಾಲೀಮುಗಳ ಗೋಡೆಯ ಮೇಲೂ ರಾಜ್ಯದ ಪಂದ್ಯ ಗೆದ್ದ ಗದೆ ತೂಗುತ್ತಿತ್ತು. ಚಿಂಚಬನದ ಗೋಡೆ ಬೋಳು. "ಜೋತ್ಯಾ ತರ್ತಾನ," ಅನ್ನುತ್ತಿದ್ದರು ವಸ್ತಾದರು. ಯಾರೂ ನಗುತ್ತಿರಲಿಲ್ಲ. ಜೋತ್ಯಾ ತರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು.

ಹುಡುಗ ಬೆಳೆದು ಹೆಸರಾದ ಪೈಲ್ವಾನನಾದ ಮೇಲೆ ಒಂದು ವರ್ಷ ಖಾಸಬಾಗ ಮೈದಾನದಲ್ಲಿ ಅವನ ಜೋಡಿ ಬಿದ್ದದ್ದು ಪುಣೆಯ ಢಮಢೇರೆ ಎಂಬ ಪೈಲ್ವಾನನ ಜೊತೆ. ಕುಸ್ತಿ ಬಹಳ ಹೊತ್ತು ನಡೆಯಿತು. ಢಮಢೇರೆ ಅವನನ್ನು ಸೊಂಟದ ಮೇಲೆ ಎತ್ತಿ ಹಿಂದಕ್ಕೆ ಒಗೆದ. ಬೀಳುವಾಗ ನೆಲಕ್ಕೆ ಕೈ ಊರಬೇಡ ಅಂತ ತಾಲೀಮಿನಲ್ಲಿ ಮೊದಲ ದಿನವೇ ಹೇಳುತ್ತಾರೆ. ಆದರೆ ಬೆನ್ನು ಮಣ್ಣಿಗೆ ತಾಗಿದರೆ ಸೋಲು. ಜೋತಿರಾಮ ಸೋಲಬಾರದೆಂದು ಬಲಗೈ ಊರಿದ. ಅವನ ಭಾರ, ಢಮಢೇರೆಯ ಭಾರ, ಎರಡೂ ಆ ಒಂದು ಅಂಗೈಯ ಮೇಲೆ ಬಿದ್ದವು. ಹಸಿ ಕಬ್ಬು ಮುರಿದಂಥ ಸದ್ದು. ನೋಡಿದರೆ ಮುಂಗೈ ಹಿಂದಕ್ಕೆ ಸರಿದು, ಮೊಳಕೈ ಎಲುಬಿನ ತುದಿ ಹಿಂದೆ ಮೆಟ್ಟಿಲಿನ ಹಾಗೆ ಎದ್ದು ನಿಂತಿತ್ತು.

ವಸ್ತಾದರು ಅಖಾಡಕ್ಕೆ ಹಾರಿದರು. "ನನ್ನ ಕಡೆ ನೋಡು, ಕೈ ಕಡೆ ನೋಡಬ್ಯಾಡ," ಅಂದರು. ಮಣಿಕಟ್ಟು ಹಿಡಿದು ಎಳೆದರು, ಹೆಬ್ಬೆರಳಿನಿಂದ ಎಲುಬಿನ ತುದಿ ಒತ್ತಿದರು. ಠಕ್. ಕೈ ನೇರವಾಯಿತು. "ಎತ್ತಲೇ ಕೈ!" ಜೋತಿರಾಮ ಕೈ ಎತ್ತಿದ. ಮೈದಾನ ಭೋರ್ಗರೆಯಿತು. ಪೇಟಗಳು ಹಾರಿದವು. ನಿಂತಿದ್ದ ಹಲಗಿಯ ಬಡಿತ ಮತ್ತೆ ಶುರುವಾಯಿತು. ಕುಸ್ತಿ ಸಮ ಅಂತ ಬಿಡಿಸಿದರು. ಆದರೆ ಆವತ್ತು ಜನ ಮನೆಗೆ ಹೋಗುವಾಗ ಮಾತಾಡಿದ್ದು ಸಿದೂ ಪೋವಾರರ ಕೈಯ ಬಗ್ಗೆಯೇ.

ಜೋತಿರಾಮನ ಅಕ್ಕ ಸುಲೂಬಾಯಿ ಊದಿದ ಕೈ ನೋಡಿ, "ದವಾಖಾನಿಗೆ ಹೋಗಿ ಒಂದ್ ಫೋಟೋ ತಗಸೂನ ವಸ್ತಾದ," ಅಂದಳು.

"ಯಾಕ? ಗ್ವಾಡಿಗೆ ಹಾಕ್ತೀಯೇನು?" ವಸ್ತಾದರು ಉರಿದುಬಿದ್ದರು. "ಪ್ಲಾಸ್ಟರ್ ಬಳದು ಕುಂದರಸ್ತಾರ. ಬಿಚ್ಚೂದ್ರಾಗ ಕೈ ಕೊರಡಾಗಿರ್ತೈತಿ. ಬಾಯಿಗೆ ತುತ್ತು ಒಯ್ಯಾಕ ಬರೂದಿಲ್ಲ. ಅಂಥಾ ಮೊಣಕೈ ಎಷ್ಟ ನೋಡೀನಿ ನಾ. ನನ್ನ ಹುಡುಗನ ಕೈ ನಾ ನೋಡ್ಕೋತೀನಿ. ನೀ ಹೋಗಿ ಭಾಕರಿ ಬಡಿ."

ಮರುದಿನದಿಂದಲೇ ಶುರು. ಬೆಳಿಗ್ಗೆ, ಸಂಜೆ, ಬಿಸಿ ಎಣ್ಣೆ. ವಸ್ತಾದರು ಅವನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ತಿಕ್ಕುವರು, ಮಡಚುವರು, ಎಳೆಯುವರು, ತಿರುಚುವರು. ಜೋತಿರಾಮ ಲಂಗೋಟದ ತುದಿ ಬಾಯಲ್ಲಿ ತುರುಕಿಕೊಂಡು ಕೂರುವನು. ಕಣ್ಣಲ್ಲಿ ನೀರು ಇಳಿದರೆ ವಸ್ತಾದರೇ ತಮ್ಮ ಪಂಚೆಯಿಂದ ಒರೆಸಿ ಮತ್ತೆ ತಿಕ್ಕುವರು. ಊತ ಇಳಿಯುವ ಮೊದಲೇ ಗುದ್ದಲಿ ಕೊಟ್ಟು ಅಖಾಡದ ಮಣ್ಣು ಅಗೆಯಲು ಹಚ್ಚಿದರು. ಆಮೇಲೆ ದಂಡ. ಅಂಗೈ ಎರಡೂ ನೆಲಕ್ಕೆ ಊರಿ, ಎದೆ ಇಳಿಸಿ ಏರಿಸುವ ದಂಡ.

ಬೇರೆಯವರ ಮೊಳಕೈ ತಪ್ಪಿದರೆ ತಿಂಗಳುಗಟ್ಟಲೆ ನೆಟ್ಟಗಾಗುವುದಿಲ್ಲ. ಜೋತಿರಾಮನದು ಕೆಲವೇ ವಾರಗಳಲ್ಲಿ ಪೂರ್ತಿ ಮಡಚಿತು, ಪೂರ್ತಿ ಚಾಚಿತು. ಚಾಚಿದರೆ ನೆಟ್ಟಗಾಗುವುದಕ್ಕಿಂತ ಒಂದು ಕೂದಲೆಳೆಯಷ್ಟು ಆಚೆಗೇ ಹೋಗುತ್ತಿತ್ತು. ವಸ್ತಾದರ ಸಂತೋಷಕ್ಕೆ ಮಿತಿಯಿಲ್ಲ. ಮಂಗಳವಾರ ಬಂದವರ ಮುಂದೆಲ್ಲ ಅವನನ್ನು ಕರೆದು ಕೂರಿಸಿ ಕೈಯನ್ನು ಆಚೆ ಈಚೆ ಆಡಿಸಿ ತೋರಿಸುವರು.

"ನೋಡ್ರಿ. ಬೆಣ್ಣಿ ಹಂಗ ತಿರಗತೈತಿ. ಯಾವ ದವಾಖಾನಿಯೊಳಗ ಹಿಂಗ ಮಾಡಿ ಕೊಡ್ತಾರ ಹೇಳ್ರಿ?"

ಜನ ವಾಹವಾ ಅಂದರು. ಜೋತಿರಾಮನೂ ಹಿಗ್ಗಿದ. ಕೀಲು ಬಿಗಿದು ಕೊರಡಾಗುವುದೊಂದನ್ನೇ ಕೆಡುಕೆಂದು ತಿಳಿದ ಊರು ಇದು. ಬಿಗಿಯಬೇಕಾದ ಕೀಲು ಬಿಗಿಯದೆ ಹೋಗುವುದೂ ಒಂದು ಕೆಡುಕು ಅನ್ನುವುದು ಒಬ್ಬರ ತಲೆಗೂ ಹೊಳೆಯಲಿಲ್ಲ.

ಮೊದಲ ಸಲ ಅದು ಜಾರಿದ್ದು ದಂಡ ಹೊಡೆಯುವಾಗ. ಎದೆ ಮೇಲೆ ಬರುತ್ತಿದ್ದಂತೆ, ಮೊಳಕೈಯ ಹೊರಮಗ್ಗುಲಲ್ಲಿ ಏನೋ ಓರೆಯಾಗಿ ಸರಿದು, ಕಟಕ್ ಅಂತ ವಾಪಸು ಬಂತು. ಕಾಸಿದ ಸೂಜಿ ಚುಚ್ಚಿದ ಹಾಗೆ ನೋವು. ಒಂದು ಗಳಿಗೆ ಕೈಯೇ ತನ್ನದಲ್ಲ ಅನ್ನಿಸಿತು. ಬೆವರಿಗೆ ಅಂಗೈ ಜಾರಿತೆಂದುಕೊಂಡು ಮಣ್ಣು ಹಚ್ಚಿಕೊಂಡು ಮತ್ತೆ ಹೊಡೆದ. ಮತ್ತೆ ಕಟಕ್.

ಆಮೇಲೆ ಅವನು ಸುಮ್ಮನೆ ಉಪಾಯಗಳನ್ನು ಕಲಿತುಕೊಂಡ. ಮಲಗಿ ಏಳುವಾಗ ಎಡಗೈ ಊರುವುದು. ಬಾಗಿಲನ್ನು ಭುಜದಿಂದ ನೂಕುವುದು. ಕೊಡ ಎತ್ತುವಾಗ ಅಂಗೈ ಒಳಗೆ ತಿರುಗಿಸಿ ಮೊಳಕೈಯನ್ನು ಪಕ್ಕೆಗೆ ಒತ್ತಿ ಹಿಡಿಯುವುದು. ನೋವನ್ನು ಹಲ್ಲು ಕಚ್ಚಿ ತಡೆಯಬಹುದು, ಪೈಲ್ವಾನನಿಗೆ ನೋವು ಹೊಸದೇನಲ್ಲ. ಯಾವ ಗಳಿಗೆಗೆ ಜಾರುತ್ತದೋ ಗೊತ್ತಿಲ್ಲದ ಕೈಯನ್ನು ನಂಬಿ ಇನ್ನೊಬ್ಬನ ಕುತ್ತಿಗೆಗೆ ಪಟ್ಟು ಹಾಕುವುದು ಹೇಗೆ? ಕಡೆಗೆ ಒಂದು ದಿನ ಬಾಯಿಬಿಟ್ಟ.

"ಆಬಾ, ಕೈ ಜಾರಿದಂಗ ಆಗತೈತ್ರಿ."

"ಎಲ್ಲಿ? ತಾ ಇಲ್ಲಿ." ವಸ್ತಾದರು ಹಿಡಿದು ಅದುಮಿದರು, ಎಳೆದರು. ಜೋತಿರಾಮ ನೋವಿನ ಹೆದರಿಕೆಗೆ ಕೈ ಬಿಗಿ ಹಿಡಿದ. ಬಿಗಿ ಹಿಡಿದರೆ ಅದು ಅಲುಗಾಡುತ್ತಿರಲಿಲ್ಲ. "ಕಬ್ಬಿಣ ಇದ್ದಂಗೈತಿ. ಜಾರೂದು ಕೈಯಲ್ಲಲೇ, ಎದಿ. ಖಾಸಬಾಗದಾಗ ಬಿದ್ದ ಹೆದರಿಕಿ ಇನ್ನೂ ಹೋಗಿಲ್ಲ. ಎಣ್ಣಿ ತಾ."

ಮತ್ತೆ ತಿಕ್ಕಿದರು.

ಇಚಲಕರಂಜಿಯ ಮೈದಾನದಲ್ಲಿ ಅದು ಎಲ್ಲರ ಕಣ್ಣೆದುರಿಗೆ ಆಯಿತು. ಎದುರಾಳಿ ಹೆಸರೂ ಇಲ್ಲದವನು. ಜೋತಿರಾಮ ಅವನನ್ನು ಕೆಳಗೆ ಹಾಕಿ, ಮೇಲೆ ಕೂತು, ಬಲ ಅಂಗೈ ಮಣ್ಣಿಗೆ ಊರಿ ಮಗುಚಬೇಕು, ಅಷ್ಟರಲ್ಲಿ ಕಟಕ್. ಅವನಿಗರಿವಿಲ್ಲದೆ ಪಟ್ಟು ಬಿಟ್ಟು ಕೈಯನ್ನು ಎದೆಗೆ ಒತ್ತಿಕೊಂಡ. ಕೆಳಗಿದ್ದವನು ಉರುಳಿ ಮೇಲೆ ಬಂದು ಇವನ ಬೆನ್ನನ್ನು ನೆಲಕ್ಕೆ ಹಚ್ಚಿಬಿಟ್ಟ. ಗೆದ್ದವನಿಗೇ ನಂಬಿಕೆ ಬರದೆ ಬಾಯಿ ತೆರೆದು ನಿಂತಿದ್ದ.

"ನೂರಾ! ನೂರಾ ಕುಸ್ತಿ!" ಜನ ಕೂಗಿದರು. ಮೊದಲೇ ಮಾತಾಡಿಕೊಂಡು ಬೇಕಂತ ಸೋಲುವ ಕುಸ್ತಿಗೆ ನೂರಾ ಅನ್ನುತ್ತಾರೆ. ಕುಸ್ತಿಯ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಚಪ್ಪಲಿಗಳು ಬಿದ್ದವು. ಬಸ್ಸಿನಲ್ಲಿ ವಸ್ತಾದರು ಕಿಟಕಿಯ ಕಡೆ ಮುಖ ಮಾಡಿ ಕೂತರು. ಊರು ಹತ್ತಿರ ಬಂದಾಗ ಮಾತ್ರ ಅಂದರು:

"ಕೈಯಾಗ ಇದ್ದಾಂವನ್ನ ನೀನಾಗೇ ಬಿಟ್ಟಿ. ನಾ ಕಣ್ಣಾರೆ ನೋಡೀನಿ."

"ಕೈ ಜಾರಿತ್ರಿ ಆಬಾ."

"ಮತ್ತ ಕೈ!" ಅಂದರು, ಅಷ್ಟೇ. ಆವತ್ತಿನಿಂದ ಅವನ ಜೊತೆ ಮಾತು ಬಿಟ್ಟರು. ಬಾದಾಮಿ ಅರೆದ ಥಂಡಾಯಿಯ ಲೋಟ ಮೊದಲಿನ ಹಾಗೆಯೇ ಅವನ ಮುಂದೆ ಬಂದು ಕೂರುತ್ತಿತ್ತು, ಅದನ್ನು ತರುತ್ತಿದ್ದವನು ಬೇರೆ.

ಸುಲೂಬಾಯಿ ತಡೆಯಲಾರದೆ ತಮ್ಮನನ್ನು ಮಿರಜಕ್ಕೆ ಕರೆದುಕೊಂಡು ಹೋದಳು. ಎಲುಬಿನ ಡಾಕ್ಟರ್ ಇನ್ನೂ ಮೀಸೆ ದಟ್ಟವಾಗದ ಹುಡುಗ. ಅವನನ್ನು ನೋಡಿದೊಡನೆ ಜೋತಿರಾಮನಿಗೆ ಎದ್ದು ಹೋಗೋಣ ಅನ್ನಿಸಿತು. ಡಾಕ್ಟರ್ ಮೊದಲು ಎಲ್ಲರ ಹಾಗೆಯೇ ಹಿಡಿದು ನೋಡಿದ. ಕೈ ಕಲ್ಲಿನ ಹಾಗಿತ್ತು.

"ಮಲಕೋ ಪೈಲ್ವಾನ. ಕೈ ತಲಿ ಮ್ಯಾಲೆ ತಗೋ. ಸಡ್ಲ ಬಿಡು. ಬಿಗಿ ಹಿಡೀಬ್ಯಾಡ ಅಂದ್ನಿ, ನಾ ಏನ್ ನಿನ್ನ ಜೋಡಿ ಕುಸ್ತಿ ಹಿಡ್ಯಾಕ ಬಂದೀನೇನು?"

ಜೋತಿರಾಮ ನಕ್ಕ. ನಕ್ಕಾಗ ಕೈ ಸಡಿಲಾಯಿತು. ಡಾಕ್ಟರ್ ಮಣಿಕಟ್ಟನ್ನು ಹೊರಗೆ ತಿರುಗಿಸಿ, ಮೊಳಕೈಯನ್ನು ಅದುಮುತ್ತ ಮೆಲ್ಲಗೆ ಮಡಚಿದ. ಎಲುಬು ಸರಿಯಿತು. ಹೊರಮಗ್ಗುಲ ಚರ್ಮ ಒಳಗೆ ಕುಸಿದು ಸಣ್ಣ ಗುಳಿ ಬಿತ್ತು. ಸುಲೂಬಾಯಿ ಚೀರಿದಳು.

"ಇದ ಅಲ್ಲೇನು?" ಅಂದ ಡಾಕ್ಟರ್.

ಜೋತಿರಾಮ ಗಳಗಳ ಅತ್ತುಬಿಟ್ಟ. ನೋವಿಗಲ್ಲ. ಇಷ್ಟು ದಿನ ತನಗೊಬ್ಬನಿಗೇ ಗೊತ್ತಿದ್ದದ್ದನ್ನು ಇನ್ನೊಬ್ಬ ಮನುಷ್ಯ ಕಣ್ಣಿಂದ ನೋಡಿದ್ದ.

ಡಾಕ್ಟರ್ ಬಿಡಿಸಿ ಹೇಳಿದ. "ಕೈಗೆ ಶಕ್ತಿ ಮಾಂಸದ್ದು. ಆದ್ರ ಎಲುಬಿಗೆ ಎಲುಬು ಕಟ್ಟಿ ಹಿಡಿಯೂದು ನಾರು. ಲಿಗಮೆಂಟ್ ಅಂತೀವಿ ನಾವು. ಮೊಣಕೈಗೆ ಒಳಮಗ್ಗಲಕ್ಕೂ ಅದಾವ, ಹೊರಮಗ್ಗಲಕ್ಕೂ ಅದಾವ. ಮಂಚದ ಕಟ್ಟಿಗಿ ಎಷ್ಟ ಗಟ್ಟಿ ಇದ್ರೇನು, ನವಾರ ಸಡ್ಲಾದ್ರ ಮಲಗಿದಾಂವ ನೆಲಕ್ಕ ಬರ್ತಾನಲ್ಲ? ಕೀಲು ತಪ್ಪಿದಾಗ ನಿನ್ನ ನಾರು ಹರದಾವ. ಒಳಗಿಂದು ಬೆಸಕೊಂಡೈತಿ. ಹೊರಗಿಂದು ಉದ್ದಾಗಿ ಜೋತಬಿದ್ದೈತಿ. ಅಂಗೈ ಊರಿ ಭಾರ ಹಾಕಿದಾಗೆಲ್ಲ ಮುಂಗೈ ಎಲುಬು ತಿರುಗಿ ಜಾರತೈತಿ. ಜಾರಿ ವಾಪಸ್ ಬರೂವಾಗ ಅಂಚಿಗೆ ಉಜ್ಜತೈತಿ, ಅದಕ್ಕ ನೋವು. ಬಿಗಿ ಹಿಡದ್ರ ಮಾಂಸ ಅದನ್ನ ಕಾಯ್ತೈತಿ, ಅದಕ್ಕ ಯಾರಿಗೂ ಕಾಣೂದಿಲ್ಲ."

ಆಮೇಲೆ ಕೇಳಿದ: "ಕೂರ್ಸಿದಾಂವ ಚೊಲೊ ಕೂರ್ಸ್ಯಾನ. ಅದಾದ ಮ್ಯಾಲೆ ಏನ್ ಮಾಡಿದ್ರಿ?"

"ಏನೂ ಮಾಡ್ಲಿಲ್ರಿ," ಅಂದ ಜೋತಿರಾಮ.

"ಏನೂ ಮಾಡ್ಲಿಲ್ಲ?" ಸುಲೂಬಾಯಿ ಎದ್ದು ನಿಂತಳು. "ಬೆಳಿಗ್ಗಿ ಸಂಜಿ ಎಣ್ಣಿ ಹಾಕಿ ತಿಕ್ಕಿ ತಿಕ್ಕಿ, ಎಳದು, ತಿರುವಿ, ಊತ ಇಳಿಯೂದ್ರಾಗ ದಂಡ ಹೊಡಸಿ..."

"ಯಾರು ತಿಕ್ಕಿದಾವರು?"

"ನೆನಪಿಲ್ರಿ," ಅಂದ ಜೋತಿರಾಮ, ಅಕ್ಕನ ಕೈ ಹಿಡಿದೆಳೆದು ಕೂರಿಸುತ್ತ.

ಡಾಕ್ಟರ್ ಅವನ ಮುಖ ನೋಡಿದ. "ಒಂದಿಷ್ಟ ದಿನ ಮಡಚಿ ಪಟ್ಟಿ ಕಟ್ಟಿ ಇಟ್ಟು, ಆಮ್ಯಾಲೆ ಹಗರ್ಕ ಆಡಿಸಿದ್ರ ಬಹಳ ಮಾಡಿ ತಾನ ಬೆಸಕೋತಿತ್ತು. ಇನ್ನ ಆಪರೇಶನ್ ಮಾಡಬೇಕು. ಮುಂಗೈಯಾಗಿನ ಒಂದ್ ನಾರು ತಗದು, ಎಲುಬಿನಾಗ ತೂತು ಹಾಕಿ, ಪೋಣಿಸಿ ಕಟ್ಟಬೇಕು. ಉಣ್ಣಾಕ, ದುಡಿಯಾಕ, ಎಮ್ಮಿ ಹಿಂಡಾಕ ಕೈ ಬರ್ತೈತಿ."

"ಕುಸ್ತಿ?"

"ಸುಳ್ಳ ಹೇಳಲೋ, ಖರೆ ಹೇಳಲೋ?"

"ಖರೆ."

"ಇಲ್ಲ."

ವಾಪಸು ಬರುವಾಗ ಅಕ್ಕ ಅತ್ತಳು, ತಮ್ಮ ಅಳಲಿಲ್ಲ. ಗದೆ ಹೋಯಿತು, ಹೋಗಲಿ. ಅವನ ಎದೆಯಲ್ಲಿ ಕುದಿಯುತ್ತಿದ್ದದ್ದು ಬೇರೆ. ಡಾಕ್ಟರ್ ಮಾತು ಹೇಳಿದರೆ ತಾನು ಕುಸ್ತಿ ಮಾರಿಕೊಂಡ ಕಳ್ಳನಲ್ಲ ಅಂತ ಆಬಾಗೆ ತಿಳಿಯುತ್ತದೆ. ಆದರೆ ಅದೇ ಬಾಯಲ್ಲಿ ಆಬಾನ ಕೈ ಏನು ಮಾಡಿತು ಅನ್ನುವುದೂ ತಿಳಿಯುತ್ತದೆ. ಹೇಳದಿದ್ದರೆ ಸಾಯುವ ತನಕ ಆಬಾನ ಕಣ್ಣಲ್ಲಿ ಕಳ್ಳ. "ನೀ ಬಾಯಿ ಬಿಡಬ್ಯಾಡಕ್ಕ," ಅಂದ. "ಹೆದರಿ ಕುಸ್ತಿ ಬಿಟ್ಟ ಅನ್ಲಿ. ಅಂದ್ರ ಅನ್ಲಿ."

ಹಾಗೆ ನಿಶ್ಚಯ ಮಾಡಿಕೊಂಡೇ ಮರುದಿನ ಬೆಳಿಗ್ಗೆ, ಕಾಲಿಗೆ ಬಿದ್ದು, ಕುಸ್ತಿ ಬಿಡುವುದನ್ನಷ್ಟೇ ಹೇಳಿ ಬರೋಣ ಅಂತ ತಾಲೀಮಿಗೆ ಹೋದ. ಹುಡುಗರೆಲ್ಲ ಅಖಾಡದಲ್ಲಿದ್ದರು. ವಸ್ತಾದರು ಕಟ್ಟೆಯ ಮೇಲೆ ಕೂತಿದ್ದರು. ಇವನು ಬಗ್ಗುವ ಮೊದಲೇ ಕಾಲು ಹಿಂದಕ್ಕೆ ತಗೊಂಡರು.

"ಕಾಲು ಆಮ್ಯಾಲೆ ಮುಟ್ಟು. ಮೊದಲ ಮಣ್ಣಿಗಿಳಿ. ಎಲ್ಲಾರ ಮುಂದ ದಂಡ ಹೊಡಿ. ಇಲ್ಲಂದ್ರ ಇಚಲಕರಂಜ್ಯಾಗ ಯಾರ ಕಡೆಂದ ರೊಕ್ಕ ತಿಂದಿ, ಅದನ್ನ ಹೇಳು."

"ಆಬಾ, ಬ್ಯಾಡ್ರಿ."

"ಇಳಿಯಲೇ!"

ಇಳಿದ. ಅಂಗಿ ತೆಗೆದು ಅಂಗೈ ಊರಿದ. ಮೊದಲ ಒಂದೆರಡು ಹೇಗೋ ಆದವು. ಆಮೇಲೆ ಮೇಲೆ ಬರುವಾಗ ಕಟಕ್ ಅಂತ ಜಾರಿ, ಮುಖ ಅಡಿಯಾಗಿ ಮಣ್ಣಿನಲ್ಲಿ ಬಿದ್ದ. ಯಾವನೋ ಕಿಸಕ್ಕೆಂದ. ವಸ್ತಾದರು ಚಪ್ಪಾಳೆ ತಟ್ಟಿದರು.

"ಎಷ್ಟ ಚಂದ ಬೀಳ್ತಾನ ನೋಡ್ರಿ! ಅಲ್ಲಿನೂ ಹಿಂಗ ಬಿದ್ದಿದ್ದ. ಬೀಳೂದೊಂದ್ ಚೊಲೊ ಕಲ್ಸೀನಿ ನಾ!"

ಆ ಚಪ್ಪಾಳೆ ಇಲ್ಲದಿದ್ದರೆ ಅವನು ಸುಮ್ಮನೆ ಎದ್ದು ಹೋಗುತ್ತಿದ್ದನೇನೋ. ಬಾಯ ತುಂಬ ಮಣ್ಣು. ಉಗುಳಿ, ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ನಿಂತ.

"ಆಬಾ, ಈ ಕೈ ಢಮಢೇರೆ ಮುರೀಲಿಲ್ಲ. ಅಂವ ಬರೇ ಕೀಲು ತಪ್ಸಿದ. ಮುರದಾವರು ನೀವು."

ಅಖಾಡದ ಹುಡುಗರು ಹಿಡಿದ ಪಟ್ಟು ಬಿಟ್ಟು ತಿರುಗಿದರು.

"ಏನಂದಿ?"

"ಬೆಸಕೊಳ್ಳಾಕ ಹತ್ತಿದ್ದ ನಾರನ್ನ ದಿನ್ನಾ ಎಳದು ಎಳದು ಕೆಡಸಿದ್ರಿ. ಬೆಣ್ಣಿ ಹಂಗ ತಿರಗತೈತಿ ಅಂತ ಊರಿಗೆಲ್ಲಾ ತೋರ್ಸಿದ್ರೆಲ್ಲ, ಅದು ವಾಸಿ ಆಗಿದ್ದಲ್ರಿ. ಕಟ್ಟು ಹೋಗಿದ್ದು. ನಾ ಯಾರ ಕಡೆಂದೂ ತಿಂದಿಲ್ಲ. ನಿಮ್ಮ ಕೈಯಾಗಿಂದ ಅಷ್ಟ ತಿಂದೀನಿ."

"ಯಾರಂದ್ರು ಇದನ್ನ?"

"ಮಿರಜದ ಡಾಕ್ಟರ್."

ವಸ್ತಾದರು ಕೆಳಗಿಳಿದು ಅವನ ಹತ್ತಿರ ಬಂದು ನಿಂತರು. ಹೊಡೆಯುತ್ತಾರೆ ಅಂತ ಎಲ್ಲರೂ ಅಂದುಕೊಂಡರು. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೆಲ್ಲಗೆ ಕೇಳಿದರು: "ಡಾಕ್ಟರ್ ಬಿಡು. ನೀ ಏನಂತಿ?"

ಒಂದು ಮಾತು, ಒಂದೇ ಒಂದು ಸುಳ್ಳು ಸಾಕಿತ್ತು. ಜೋತಿರಾಮನ ಸಿಟ್ಟು ಇನ್ನೂ ಮೂಗಿನ ತುದಿಯಲ್ಲೇ ಇತ್ತು.

"ನಾನೂ ಅದನ್ನ ಅಂತೀನಿ."

ವಸ್ತಾದರು ತಲೆಯಾಡಿಸಿದರು. ಹುಡುಗರ ಕಡೆ ತಿರುಗಿ, "ಯಾಕ ನಿಂತ್ರಿ? ಸುರು ಮಾಡ್ರಿ," ಅಂದು ಕೋಣೆಯೊಳಗೆ ಹೋದರು.

ಆಮೇಲೆ ನೂರಾ ಅನ್ನುವ ಮಾತು ಊರಿನಲ್ಲಿ ಯಾರೂ ಎತ್ತಲಿಲ್ಲ. ಜೋತಿರಾಮ ಗೆದ್ದ. ಇಂಥ ಗೆಲುವು ಹಗೆಯವನಿಗೂ ಬೇಡ. ಮುಂದಿನ ಮಂಗಳವಾರ ಅಂಗಳದಲ್ಲಿ ಕೂತಿದ್ದವರಿಗೆ ವಸ್ತಾದರು ಬಾಗಿಲಿನಿಂದಲೇ, "ದವಾಖಾನಿಗೆ ಹೋಗ್ರಿ," ಅಂದರು. ಕಾಲು ಉಳುಕಿದ ಮುದುಕಿಯೊಬ್ಬಳು ಹಟ ಹಿಡಿದು ಮಧ್ಯಾಹ್ನದ ತನಕ ಕೂತಳು. ಅವರು ಹೊರಗೆ ಬರಲಿಲ್ಲ. ಅಖಾಡದಲ್ಲೂ ಹಾಗೆಯೇ. ವಸ್ತಾದ ಕಲಿಸುವುದು ಬಾಯಿಂದಲ್ಲ. ಕುತ್ತಿಗೆ ಅದುಮಿ, ಕಾಲು ಸರಿಸಿ, ಸೊಂಟ ತಿರುಗಿಸಿ ಕಲಿಸುತ್ತಾನೆ. ಸಿದೂ ಪೋವಾರರು ಕಟ್ಟೆಯ ಮೇಲೆ ಕೈಕಟ್ಟಿ ಕೂತು ಬರೀ ಮಾತಿನಲ್ಲಿ ಹೇಳತೊಡಗಿದರು. ಹುಡುಗರು ಒಬ್ಬೊಬ್ಬರಾಗಿ ಬೇರೆ ತಾಲೀಮು ಹಿಡಿದರು. ಸರಿಯಾಗಿ ಉತ್ತರ ಕೊಟ್ಟ ಅಂತ ಊರಲ್ಲಿ ಕೆಲವರು, ಉಪ್ಪಿನ ಋಣ ತಿಳಿಯದವನು ಅಂತ ಕೆಲವರು. ಎರಡೂ ಕಡೆಯವರ ನಾಲಗೆಗೆ ಬರೆ ಹಾಕಬೇಕು. ಅವರಲ್ಲಿ ಒಬ್ಬನಾದರೂ ಆ ಇಬ್ಬರನ್ನು ಎದುರುಬದುರು ಕೂರಿಸಲು ಬರಲಿಲ್ಲ.

ಆಪರೇಶನ್ ಆಯಿತು. ಕೀಲಿರುವ ಪಟ್ಟಿ ಕಟ್ಟಿ, ಇಷ್ಟು ಮಡಚು, ಇಷ್ಟೇ ಚಾಚು ಅಂತ ಡಾಕ್ಟರ್ ಹೇಳಿದ್ದನ್ನು ಜೋತಿರಾಮ ಚಾಚೂ ತಪ್ಪದೆ ಮಾಡಿದ. ಪಟ್ಟಿ ಬಿಚ್ಚಿ ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಂಚದಿಂದ ಏಳುವಾಗ ಮರೆತು ಬಲಗೈ ಊರಿದ. ಉಸಿರು ಹಿಡಿದು ಕಾದ. ಕಟಕ್ ಬರಲಿಲ್ಲ. ಮತ್ತೆ ಊರಿ ನೋಡಿದ. ಇಲ್ಲ. ಹೊರಮಗ್ಗುಲಲ್ಲಿ ಸಣ್ಣಗೆ ಒಂದು ಬಿಗಿತ, ಅಷ್ಟೇ. ಆಬಾ ಅಂತ ಕೂಗಿಕೊಂಡು ಓಡಲು ಕಾಲುಗಳು ಹೊರಟೇಬಿಟ್ಟವು. ಹೊಸ್ತಿಲಿಗೆ ಬಂದಾಗ ನೆನಪಾಗಿ ಅಲ್ಲೇ ಕೂತುಬಿಟ್ಟ.

ಎಮ್ಮೆ ಹಿಂಡುವ ಕೆಲಸ ಹಿಡಿದ. ಕಡೆಗೊಂದು ದಿನ ಸುಲೂಬಾಯಿಯೇ ಬೈದು ಕಳಿಸಿದಳು. "ಮುದುಕ ಸರಿಯಾಗಿ ಉಣ್ಣಾಕತ್ತಿಲ್ಲಂತ. ನಿನ್ನ ಮಾರಿ ನೋಡಿ ಬೈದ್ರ ಬೈಲಿ, ಹೋಗು. ಬೈಸ್ಕೊಂಡು ಬಾ."

ಜೋತಿರಾಮನಿಗೂ ಬೈಸಿಕೊಳ್ಳುವ ಆಸೆಯೇ. ದಾರಿಯುದ್ದಕ್ಕೂ ಆಬಾ ಏನೇನು ಬೈಯಬಹುದೆಂದು ಯೋಚಿಸುತ್ತ ಹೋದ. ಕೋಣೆಯಲ್ಲಿ ವಸ್ತಾದರು ಗೋಡೆಗೆ ಒರಗಿ ಕೂತಿದ್ದರು. ಭುಜ ಇಳಿದಿತ್ತು.

"ಬಾ. ಕುಂದ್ರು," ಅಂದರು. ಲೇ ಅನ್ನಲಿಲ್ಲ, ಜೋತ್ಯಾ ಅನ್ನಲಿಲ್ಲ.

"ತಪ್ಪಾತ್ರಿ ಆಬಾ."

"ತಪ್ಪ ಯಾಕ? ಖರೆ ಅಂದಿ."

"ಅಂದದ್ದ ತಪ್ಪಾತು."

"ಖರೆ ಅನ್ನೂದು ತಪ್ಪ ಹೆಂಗಾಗ್ತೈತೋ ಹುಚ್ಚಾ?" ಅಂದರು.

ಹುಚ್ಚಾ ಅಂದದ್ದು ಕೇಳಿ ಜೋತಿರಾಮನಿಗೆ ಜೀವ ಬಂತು. ಹತ್ತಿರ ಸರಿದು ಅಂಗಿಯ ತೋಳು ಮೇಲೆ ಸೇರಿಸಿ, ಮೊಳಕೈಯ ಹೊರಮಗ್ಗುಲ ಗಾಯದ ಗೀಟು ತೋರಿಸಿದ. ವಸ್ತಾದರು ಬಗ್ಗಿ, ಕಣ್ಣು ಸಣ್ಣದು ಮಾಡಿ, ಬಹಳ ಹೊತ್ತು ನೋಡಿದರು.

"ಚೊಲೊ ಹೊಲದಾನ."

"ಮುಟ್ಟಿ ನೋಡ್ರಿ ಆಬಾ."

ಅವರ ಬಲಗೈ ಮಡಿಲಿನಿಂದ ಎದ್ದಿತು. ಹೆಬ್ಬೆರಳು ಮುಂದಾಯಿತು, ಎಲ್ಲಿ ಒತ್ತಬೇಕೋ ಅಲ್ಲಿಗೇ, ಸರಿಯಾಗಿ ಆ ಕೀಲಿನ ಸಂದಿಗೇ ಹೊರಟಿತು. ಚರ್ಮಕ್ಕೆ ತಾಗಲು ಒಂದು ಬೆರಳಷ್ಟು ದೂರ ಇರುವಾಗ ನಿಂತಿತು.

"ಈಗ ಗಟ್ಟಿ ಐತೇನು?"

"ಗಟ್ಟಿ ಐತ್ರಿ."

"ಜಾರೂದಿಲ್ಲ?"

"ಇಲ್ರಿ."

"ಹಂಗಾರ ಮುಟ್ಟೂದು ಬ್ಯಾಡ," ಅಂದು ವಸ್ತಾದರು ಕೈಯನ್ನು ಹಿಂದಕ್ಕೆ ತಗೊಂಡು, ತೊಡೆಯ ಕೆಳಗೆ ಅದುಮಿ ಇಟ್ಟುಕೊಂಡರು.

ಜೋತಿರಾಮ ಚಾಚಿದ ಕೈಯನ್ನು ಚಾಚಿಕೊಂಡೇ ಕೂತ. ಬಹಳ ಹೊತ್ತಾದ ಮೇಲೆ ತಾನೇ ಅಂಗಿಯ ತೋಳು ಇಳಿಸಿದ.